ಎಣ್ಣೆ ಬಂದಾಗ ಕಣ್ಣು ಮುಚ್ಚಿ

ಊರಿನ ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಯಾಕೆ ಸುಟ್ಟಿತು ಎಂದು ರಿಪೇರಿ ಅಂಗಳದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ರಿಜಿಸ್ಟರಿನಲ್ಲಿ ಕಾರಣದ ಕಲಂ ಮೊದಲೇ ತುಂಬಿರುತ್ತದೆ: ‘ಓವರ್‌ಲೋಡ್’. ಸಿಡಿಲು ಬಡಿದರೂ ಓವರ್‌ಲೋಡ್, ಅರ್ತಿಂಗ್ ತಂತಿ ಕಳುವಾಗಿದ್ದರೂ ಓವರ್‌ಲೋಡ್, ಗ್ಯಾಸ್ಕೆಟ್ ಸೋರಿ ಎಣ್ಣೆ ಇಳಿದು ಎಚ್.ಟಿ. (ಹೆಚ್ಚು ವೋಲ್ಟೇಜಿನ) ಕಾಯಿಲ್ ಬರಿಮೈಯಲ್ಲಿ ನಿಂತಿದ್ದರೂ ಓವರ್‌ಲೋಡ್.

ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. 63 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ. 433 ವೋಲ್ಟ್‌ನಲ್ಲಿ ಕೊಡಬಲ್ಲದ್ದು 84 ಆಂಪ್ಸ್. 5 ಎಚ್.ಪಿ. ಪಂಪ್‌ಸೆಟ್ ಒಂದೊಂದೂ ಏಳೂವರೆ, ಎಂಟು ಆಂಪ್ಸ್ ಎಳೆಯುತ್ತದೆ. ಲೆಕ್ಕ 11ಕ್ಕೆ ಮುಗಿಯಿತು. ಹೊಲದಲ್ಲಿ ಎಣಿಸಿದರೆ 18. ಫ್ಯೂಸ್ ಹೋಗಬೇಕಿತ್ತಲ್ಲ? ಅಲ್ಲಿ ಕಟ್ಟಿರುವುದು ಸುಲಭಕ್ಕೆ ಕರಗದ, ಅಲ್ಯೂಮಿನಿಯಂ ಲೈನ್ ತಂತಿಯ ದಪ್ಪ ಎಳೆ. ಹೀಗಾಗಿ ಫ್ಯೂಸ್ ಮಾಡಬೇಕಾದ ತ್ಯಾಗವನ್ನು ಟಿ.ಸಿ.ಯೇ ಮಾಡುತ್ತದೆ. ಒಂದು ಗೇಣು ತಂತಿ ಉಳಿತಾಯ.

ಮುಚ್ಚಳ ಬಿಚ್ಚಿದರೆ ಎಷ್ಟೋ ಸಲ ಸುಟ್ಟಿರುವುದು ಮೂರರಲ್ಲಿ ಒಂದೇ ಕಾಲಿನ (ಒಂದು ಫೇಸಿನ) ಎಚ್.ಟಿ. ಕಾಯಿಲ್. ಟ್ಯಾಂಕು, ರೇಡಿಯೇಟರು, ತಗಡು ಜೋಡಿಸಿದ ಕೋರು, ಎಲ್.ಟಿ. (ಕಡಿಮೆ ವೋಲ್ಟೇಜಿನ) ರಾಡು ನೆಟ್ಟಗೆ ಕೂತಿರುತ್ತವೆ. ಬುಶಿಂಗನ್ನು, ಅಂದರೆ ಕರೆಂಟು ಒಳಹೊರಗೆ ಹಾಯುವ ಪಿಂಗಾಣಿ ಕೊಳವೆಯನ್ನು, ಮೊದಲು ಕಳಚಿ ಗೋಣಿಯಲ್ಲಿ ಸುತ್ತಿಟ್ಟರೆ ಮತ್ತೊಂದು ಟಿ.ಸಿ.ಗೆ ಆಗುತ್ತದೆ. ಅದಕ್ಕೆ ಹತ್ತು ನಿಮಿಷ ಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಚೈನ್ ಹಾಕಿ ಮುಚ್ಚಳ ಎತ್ತುತ್ತಾರೆ, ಪಿಂಗಾಣಿ ಟಪ್ಪೆನ್ನುತ್ತದೆ. ಕೋರಿನ ಮೇಲಿನ ತಗಡುಗಳನ್ನು ತೆಗೆದ ಕ್ರಮದಲ್ಲೇ ಕಟ್ಟಿಡಬೇಕು, ಬಗ್ಗಿಸಬಾರದು. ಇಲ್ಲಿ ಸುತ್ತಿಗೆಯಿಂದ ಬಡಿದು ‘ಕೂರಿಸುತ್ತಾರೆ’. ತಗಡಿನ ಲೇಪನ ಕಿತ್ತು, ಸಂದು ಬಿಟ್ಟು, ಲೋಡ್ ಇಲ್ಲದಾಗಲೂ ಟಿ.ಸಿ. ಕರೆಂಟು ತಿನ್ನುತ್ತದೆ. ಅದನ್ನು ಅಳೆಯುವ ಮೀಟರು ಬೀರುವಿನಲ್ಲಿ ಭದ್ರವಾಗಿದೆ.

ಎಣ್ಣೆಯದು ಇನ್ನೊಂದು ಪುರಾಣ. ಸುಟ್ಟ ಟಿ.ಸಿ.ಯಿಂದ ಬಂದ ಎಣ್ಣೆಯನ್ನು ಬಿಸಿ ಮಾಡಿ, ನಿರ್ವಾತದಲ್ಲಿ ಫಿಲ್ಟರ್ ಮಾಡಿ, 2.5 ಮಿ.ಮೀ. ಅಂತರದಲ್ಲಿ 30 ಕಿಲೋವೋಲ್ಟ್ ತಡೆಯುತ್ತದೋ ನೋಡಿ ಮತ್ತೆ ಹುಯ್ಯಬಹುದು. ಹುಳಿ ಹಿಡಿದು ಗಸಿ ಕಟ್ಟಿದ್ದರೆ ಮಾತ್ರ ಫಿಲ್ಟರಿಗೂ ಜಗ್ಗದು. ಅಂಗಳದಲ್ಲಿ ಎರಡನ್ನೂ ಸಮದರ್ಶಿತ್ವದಿಂದ ಒಂದೇ ಬ್ಯಾರೆಲ್ಲಿಗೆ ಸುರಿಯುತ್ತಾರೆ. ಬ್ಯಾರೆಲ್ಲಿನ ಬಾಯಿ ಮಳೆಗೆ ತೆರೆದಿರುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿದರು ಎಂಬ ಗಾದೆ ಹುಟ್ಟಿದ್ದು ಇಲ್ಲೇ ಇರಬೇಕು.

ಇಷ್ಟಾಗಿಯೂ ಒಬ್ಬ ಮೆಕ್ಯಾನಿಕ್ ಆರು ಬುಶಿಂಗ್ ಉಳಿಸಿದ ಅನ್ನಿ. ಎಲ್ಲಿಡಬೇಕು? ಸ್ಟೋರಿನ ಲೆಡ್ಜರಿನಲ್ಲಿ ಎರಡೇ ಜಾತಿ: ಇನ್‌ವಾಯ್ಸ್ ಇದ್ದರೆ ಹೊಸತು, ತೂಕ ಇದ್ದರೆ ಗುಜರಿ. ಹಳೆಯದಾದರೂ ಗಟ್ಟಿ ಇರುವ ಮಾಲು ತ್ರಿಶಂಕು. ಒಳಗೆ ತೆಗೆದುಕೊಳ್ಳಲು ಬಿಲ್ಲಿಲ್ಲ, ಒಳಗೆ ಬಾರದ್ದನ್ನು ಇಂಡೆಂಟಿನ (ಬೇಡಿಕೆ ಚೀಟಿಯ) ಮೇಲೆ ಕೊಡುವಂತಿಲ್ಲ, ಕೊಟ್ಟರೆ ಆಡಿಟ್ ಆಕ್ಷೇಪ. ಬೇಕಾಗಿರುವುದು ಒಂದು ಮೂರನೇ ಕಲಂ, ಒಂದು ಕಪಾಟು, ಪ್ರತಿ ಭಾಗಕ್ಕೂ ಒಂದು ತಗಡಿನ ಚೀಟಿ: ಯಾವ ಟಿ.ಸಿ.ಯದು, ಎಷ್ಟು ಕೆ.ವಿ.ಎ., ಇನ್ಸುಲೇಷನ್ ಅಳೆಯುವ ಮೆಗ್ಗರ್ ಎಷ್ಟು ತೋರಿಸಿತು, ಯಾವತ್ತು. ಆದರೆ ಕಲಂ ಸೇರಿಸಲು ಸಮಿತಿ ಬೇಕು, ಸಮಿತಿಗೆ ಕಡತ ಬೇಕು, ಕಡತಕ್ಕೆ ಹೊಸ ಕಪಾಟು ಬೇಕು. ಕಪಾಟು ಬಂತು. ಅದರಲ್ಲೀಗ ಕಡತವಿದೆ.

ಬುಶಿಂಗುಗಳು ಹರಾಜಿಗೆ ಹೋದವು. ಪಿಂಗಾಣಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಕೊಂಡವನು ಒಡೆದು ಒಳಗಿನ ರಾಡನ್ನಷ್ಟೇ ಒಯ್ದ. ಅದೇ ವಾರ ಆರು ಬುಶಿಂಗಿಗೆ ‘ತುರ್ತು ಖರೀದಿ’ ಟಿಪ್ಪಣಿ ಮೇಲೆ ಹೋಯಿತು.

ಇತ್ತ ಹೊಸ ಕಾಯಿಲ್ ಸುತ್ತಿದ ಟಿ.ಸಿ. ಒಲೆಯಲ್ಲಿ ಒಣಗಬೇಕಿತ್ತು, ಮಾರ್ಚ್ ಬಿಸಿಲೇ ಸಾಕೆಂದರು. ಎಚ್.ಟಿ. ಕಡೆಯ 11,000 ವೋಲ್ಟಿಗೆ ಎಲ್.ಟಿ. ಕಡೆಯ ಒಂದು ಫೇಸಿನ 250, ಅಂದರೆ 44ರ ಅನುಪಾತ ಬರುತ್ತದೋ ಎಂದು ಒಂದೊಂದು ಫೇಸಿಗೂ ನೋಡಬೇಕಿತ್ತು. ‘ಎಲ್ಲಾ ಓಕೆ’ ಎಂದು ಬರೆದರು. ಒಳಹೋಗುವ ಗಾಳಿಯ ತೇವ ಹೀರಬೇಕಾದ ಬ್ರೀದರಿನ ಸಿಲಿಕಾ ಜೆಲ್ ತೇವ ಕುಡಿದು ಮಾಸಲು ಗುಲಾಬಿಯಾಗಿತ್ತು, ಟ್ಯಾಂಕಿಗೆ ಮಾತ್ರ ಎರಡು ಕೋಟ್ ಹೊಸ ಬಣ್ಣ. ರೈತರೇ ಟ್ರಾಕ್ಟರ್ ತಂದು ಒಯ್ದರು. ಮೂರನೇ ದಿನ ಅದೇ ಟ್ರಾಕ್ಟರಿನಲ್ಲಿ ಅದು ವಾಪಸ್ ಬಂದಾಗ, ಗುಮಾಸ್ತ ರಿಜಿಸ್ಟರ್ ತೆರೆಯುವ ಮೊದಲೇ ಪೆನ್ನಿನಲ್ಲಿ ‘ಓ’ ಬರೆದಾಗಿತ್ತು.