ಬಿಲ್ ವಿದರ್ಸ್ ಹಾಡು ಬಿಟ್ಟದ್ದು ವೈರಾಗ್ಯದಿಂದಲ್ಲ

ಅಮೆರಿಕದ ಗಾಯಕ ಬಿಲ್ ವಿದರ್ಸ್ ಹೆಸರು ಬಂದರೆ ಸಾಕು, ಎಲ್ಲರೂ ಅದೇ ರಾಗ ಎಳೆಯುತ್ತಾರೆ: ಕೀರ್ತಿಗೆ ಬೆನ್ನು ತಿರುಗಿಸಿ ಹೊರಟುಹೋದ ಸಂತ. ನನಗೆ ಇದು ಅರೆಬೆಂದ ಮಾತು. 1985ರಲ್ಲಿ ಕೊನೆಯ ಆಲ್ಬಂ ತಂದ ಮನುಷ್ಯ 2020ರಲ್ಲಿ ತೀರಿಕೊಳ್ಳುವವರೆಗೆ ಮತ್ತೊಂದು ಆಲ್ಬಂ ಮಾಡದೆ ಆರಾಮಾಗಿ ಬದುಕಿದರು ಅಂದರೆ ಅದರ ಹಿಂದೆ ಲೆಕ್ಕಾಚಾರವಿತ್ತು. ಹಾಡಿದವರಷ್ಟೇ ಅಲ್ಲ, ಹಾಡು ಬರೆದವರೂ ಅವರೇ.

ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಲ್ಲಿ 1938ರಲ್ಲಿ ಹುಟ್ಟಿದವರು. ಮಾತಾಡಿದರೆ ತೊದಲು. ಒಂಬತ್ತು ವರ್ಷ ನೌಕಾಪಡೆ, ಆಮೇಲೆ ಲಾಸ್ ಏಂಜಲೀಸ್ ಕಡೆ ವಿಮಾನಗಳಿಗೆ ಟಾಯ್ಲೆಟ್ ಜೋಡಿಸುವ ಕಾರ್ಖಾನೆಯ ಕೆಲಸ. ಮೊದಲ ಆಲ್ಬಂ ‘ಜಸ್ಟ್ ಆ್ಯಸ್ ಐ ಆ್ಯಮ್’ 1971ರಲ್ಲಿ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಅದರ ಮುಖಪುಟದಲ್ಲಿ ಅವರ ಕೈಯಲ್ಲಿರುವುದು ಗಿಟಾರ್ ಅಲ್ಲ, ಬುತ್ತಿಯ ಡಬ್ಬಿ! ಸಂಗೀತದ ಧಂದೆಯನ್ನು ನಂಬದೆ ನೌಕರಿಯನ್ನು ಕೈಬಿಟ್ಟಿರಲಿಲ್ಲ.

ಆ ಆಲ್ಬಂನ ‘ಏಂಟ್ ನೋ ಸನ್‌ಶೈನ್’ ಬರೀ ಎರಡು ನಿಮಿಷ ಚಿಲ್ಲರೆ. ನಡುವೆ ‘ಐ ನೋ’ ಎಂದು 26 ಸಲ ಬರುತ್ತದಲ್ಲ, ಅಲ್ಲಿ ಬೇರೆ ಸಾಲು ಬರೆದು ತುಂಬುವ ಯೋಚನೆ ಅವರಿಗಿತ್ತು. ಸ್ಟುಡಿಯೋದಲ್ಲಿದ್ದ ಅನುಭವಸ್ಥರು ಹಾಗೇ ಬಿಡು ಅಂದರು. ವೇದಿಕೆಯಲ್ಲಿ ಇದನ್ನು ಹಾಡುವವರು ಎಡವುವುದೂ ಅಲ್ಲೇ. ಉಸಿರು ಸಾಲದು ಎಂಬ ಭಯಕ್ಕೆ ಲಯ ಓಡಿಸುತ್ತಾರೆ, ಡ್ರಮ್ಮಿಗಿಂತ ಮುಂದೆ ಹೋಗುತ್ತಾರೆ. ದನಿ ಬೀಟಿನ ಮೇಲೆ ಒರಗಿ ಕೂರಬೇಕು, ತಳ್ಳಬಾರದು.

1972ರ ‘ಲೀನ್ ಆನ್ ಮಿ’ ಇನ್ನೂ ಸರಳ. ಸಿ ಮೇಜರ್, ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಮೊದಲ ಸಾಲು ಸ ಸ ರಿ ಗ ಮ ಅಂತ ಹತ್ತಿ, ಮ ಗ ರಿ ಸ ಅಂತ ಇಳಿಯುತ್ತದೆ. ಕಾರ್ಡುಗಳೂ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಸಿ, ಡಿ ಮೈನರ್, ಇ ಮೈನರ್, ಎಫ್. ಪಿಯಾನೋದ ಕಪ್ಪು ಮನೆಗಳ ಹಂಗಿಲ್ಲ. ಬೆರಳುಗಳ ಆಕಾರ ಬದಲಿಸದೆ ಇಡೀ ಕೈಯನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಪಾಶ್ಚಾತ್ಯ ಹಾರ್ಮನಿಯ ಮೇಷ್ಟ್ರುಗಳು ಬೇಡ ಅನ್ನುವ ನಡೆಯೇ ಇಲ್ಲಿ ಹಾಡಿನ ಜೀವ. ಚಂದ ಮಾಡಲು ಹೋಗಿ ಸೆವೆಂತ್ ಕಾರ್ಡು, ಗಮಕ ಅಂತೆಲ್ಲ ತುರುಕಿದರೋ, ಜನ ಜೊತೆಗೆ ಹಾಡುವುದನ್ನು ನಿಲ್ಲಿಸುತ್ತಾರೆ.

ಈಗ ದುಡ್ಡಿನ ವಿಷಯ. ಅಮೆರಿಕದಲ್ಲಿ ಒಂದು ಹಾಡಿಗೆ ಎರಡು ಬೇರೆ ಬೇರೆ ಹಕ್ಕು: ಸಾಹಿತ್ಯ ಮತ್ತು ಟ್ಯೂನಿನ ಹಕ್ಕು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೂ ಆ ಹಕ್ಕು ನೋಡಿಕೊಳ್ಳುವ ಪಬ್ಲಿಷರ್‌ಗೂ ದುಡ್ಡು, ಹಾಡಿದವರಿಗೆ ಚಿಕ್ಕಾಸಿಲ್ಲ. ಬೇರೆಯವರು ಅದೇ ಹಾಡನ್ನು ಹೊಸದಾಗಿ ಹಾಡಿದರೆ ಮೂಲ ಮುದ್ರಣಕ್ಕೆ ಏನೂ ಸಿಗದು, ಬರೆದವರಿಗೆ ಮಾತ್ರ ಪಾಲು. 1987ರಲ್ಲಿ ಕ್ಲಬ್ ನುವೋ ತಂಡ ‘ಲೀನ್ ಆನ್ ಮಿ’ ಹಾಡಿ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿಸಿತು. ಆ ವರ್ಷದ ಅತ್ಯುತ್ತಮ ಆರ್ ಆ್ಯಂಡ್ ಬಿ ಗೀತೆಯ ಗ್ರ್ಯಾಮಿ ಬಂದದ್ದು ವಿದರ್ಸ್‌ಗೆ. ಆಗ ಅವರು ಹಾಡುವುದನ್ನೇ ನಿಲ್ಲಿಸಿದ್ದರು! 1996ರ ‘ನೋ ಡಿಗಿಟಿ’ ಎಂಬ ಬೇರೆಯವರ ಹಾಡಿನಲ್ಲಿ ವಿದರ್ಸ್ ಅವರ ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ನ ತುಣುಕು ಸ್ಯಾಂಪಲ್ ಆಗಿದೆ, ಅಂದರೆ ಮೂಲ ಮುದ್ರಣದ ಚೂರನ್ನೇ ಹೊಸ ಹಾಡಿಗೆ ಸೇರಿಸಿದ್ದಾರೆ. ಸ್ಯಾಂಪಲ್ ಅಂದಮೇಲೆ ಎರಡೂ ಹಕ್ಕುದಾರರ ಒಪ್ಪಿಗೆ ಬೇಕು. ಪಬ್ಲಿಷಿಂಗ್ ವ್ಯವಹಾರವನ್ನು ಅವರ ಹೆಂಡತಿ ಮಾರ್ಷಾ ನೋಡಿಕೊಳ್ಳುತ್ತಿದ್ದರು. ಮನೆಯ ಲೆಕ್ಕ ಮನೆಯಲ್ಲೇ.

ಹಾಗಾದರೆ ಬಿಟ್ಟದ್ದು ಯಾಕೆ? ಮೊದಲ ರೆಕಾರ್ಡ್ ಕಂಪನಿ ಸಸೆಕ್ಸ್ 1975ರಲ್ಲಿ ಮುಚ್ಚಿತು. ಕೊಲಂಬಿಯಾ ಕಂಪನಿಗೆ ಹೋದಮೇಲೆ 1977ರಲ್ಲಿ ‘ಲವ್ಲಿ ಡೇ’ ಬಂತು, ಕೊನೆಯಲ್ಲಿ 18 ಸೆಕೆಂಡು ಒಂದೇ ಸ್ವರ ಹಿಡಿಯುತ್ತಾರಲ್ಲ, ಅದು. ಆದರೆ 1978ರ ಆಲ್ಬಂ ಆದಮೇಲೆ ಮುಂದಿನದ್ದು ಬರಲು ಏಳು ವರ್ಷ ಹಿಡಿಯಿತು. ಅವರು ಕೊಟ್ಟ ಹಾಡುಗಳು ಕಂಪನಿಯ ಅಧಿಕಾರಿಗಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಜೊತೆ, ಬೇರೆ ಕಂಪನಿಗೆ ಹಾಡಿದ ‘ಜಸ್ಟ್ ದ ಟೂ ಆಫ್ ಅಸ್’ 1981ರಲ್ಲಿ ಎರಡನೇ ಸ್ಥಾನಕ್ಕೇರಿತು. ಇಂಥ ಕಡೆ ಯಾರು ತಾನೇ ಇರುತ್ತಾರೆ? ಬದುಕಲು ಬೇರೆ ದಾರಿಯಿಲ್ಲದವರು ಇರುತ್ತಾರೆ. ಇವರಿಗೆ ದಾರಿಯಿತ್ತು.

ಕೇಳದವರು 1972ರ ಅಕ್ಟೋಬರ್ 6ರ ಕಾರ್ನೆಗಿ ಹಾಲ್ ಕಛೇರಿಯ ಮುದ್ರಣದಿಂದ ಶುರು ಮಾಡಿ. ಡ್ರಮ್ಸ್ ಜೇಮ್ಸ್ ಗ್ಯಾಡ್ಸನ್. ‘ಯೂಸ್ ಮಿ’ ಮುಗಿದರೂ ಜನ ಬಿಡುವುದಿಲ್ಲ, ತಂಡ ಮತ್ತೆ ಎತ್ತಿಕೊಳ್ಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬಾಸ್ ಗಿಟಾರ್ ಮತ್ತು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಎರಡನ್ನೇ ಹಿಂಬಾಲಿಸಿ.