ಒಲೆಗೂಡಿನ ಮುಂದೆ ಅರ್ಧ ಗಂಟೆ

ಗ್ಲಾಸ್ಗೋದ ಐದಾರು ಕನ್ನಡ ಮನೆಗಳವರು ಸೇರಿ ಒಂದು ಬೇಸಿಗೆಯಲ್ಲಿ ಮಿನಿಬಸ್ ಮಾಡಿಕೊಂಡು ಹೊರಟಿದ್ದೆವು. ಸ್ಕಾಟ್ಲೆಂಡಿನ ರಾಜ ರಾಣಿಯರ ಜಾಗಗಳನ್ನೆಲ್ಲ ಒಂದೇ ದಿನದಲ್ಲಿ ಮುಗಿಸೋ ಪ್ಲಾನು. ಸ್ಟರ್ಲಿಂಗ್ ಕೋಟೆ, ಬ್ಯಾನಕ್‌ಬರ್ನ್, ಲಿನ್‌ಲಿತ್‌ಗೋ, ಡನ್‌ಫರ್ಮ್ಲಿನ್, ಫಾಕ್‌ಲ್ಯಾಂಡ್, ಕೊನೆಗೆ ಲಾಕ್ ಲೆವೆನ್. ಆರು ಜಾಗ. ಜಾಸ್ತಿ ಆಯ್ತು ಅಂತ ಯಾರಿಗೂ ಅನಿಸಲಿಲ್ಲ. ಹೇಗೆ ಅನಿಸುತ್ತೆ? ಸ್ಕೂಲಲ್ಲಿದ್ದಾಗ ಬೆಳಗಿನ ಜಾವ ಮೂರಕ್ಕೆ ಎದ್ದು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ಏಟಿಗೆ ನೋಡಿ ರಾತ್ರಿ ಮನೆ ಸೇರಿದವರು ನಾವು.

ಡನ್‌ಫರ್ಮ್ಲಿನ್‌ನ ಹಳೆ ಅರಮನೆ ಪಕ್ಕದಲ್ಲೇ ದೊಡ್ಡ ಪಾರ್ಕಿದೆ. ಅಲ್ಲಿ ಪುಳಿಯೋಗರೆ ಡಬ್ಬ ತೆರೆದೆವು. ಆಮೇಲೆ ಮೊಸರನ್ನ. ಆಮೇಲೆ ಯಾರೋ ಕೋಡುಬಳೆ ತೆಗೆದರು. ಹರಟೆ ಮುಗಿಯೋ ಹೊತ್ತಿಗೆ ಫಾಕ್‌ಲ್ಯಾಂಡ್ ಕೈಬಿಟ್ಟಿತ್ತು. ಲಾಕ್ ಲೆವೆನ್ ದಡ ಮುಟ್ಟಿದಾಗ ಕೊನೆಯ ದೋಣಿ ಹೊರಟುಹೋಗಿತ್ತು. ಸರೋವರದ ನಡುವಿನ ದ್ವೀಪ, ಅದರ ಮೇಲೊಂದು ಗೋಪುರ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆ ಇಟ್ಟಿದ್ದ ಜಾಗ. ದಡದಲ್ಲೇ ನಿಂತು ಅದನ್ನು ಹಿಂದೆ ಇಟ್ಟುಕೊಂಡು ಸೆಲ್ಫಿ ತೆಗೆದುಕೊಂಡು ವಾಪಸ್ ಬಂದೆವು. ಆ ದಿನದ್ದು ಏನು ನೆನಪಿದೆ ಅಂದರೆ ಪುಳಿಯೋಗರೆನೇ ಮೊದಲು ಬರುತ್ತೆ. ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷ ಇಲ್ಲಿಯವರೇ ನಡೆಸೋ ಒಂದು ಇತಿಹಾಸ ಗುಂಪಿನ ಜೊತೆ ಹೋದೆ. ಜಾಸ್ತಿ ಜನ ರಿಟೈರ್ ಆದವರು. ಎಲ್ಲರ ಕೈಯಲ್ಲೂ ಒಂದೊಂದು ಫ್ಲಾಸ್ಕು, ಒಂದೊಂದು ಸ್ಯಾಂಡ್‌ವಿಚ್ಚು. ಒಬ್ಬರ ಡಬ್ಬ ಇನ್ನೊಬ್ಬರಿಗೆ ದಾಟೋದಿಲ್ಲ. ಪಕ್ಕದ ಸೀಟಿನವರಿಗೆ ಚಕ್ಕುಲಿ ಕೊಟ್ಟರೆ ಎರಡು ಸಲ ಬೇಡ ಅಂದು, ಮೂರನೇ ಸಲ ಒಂದೇ ಒಂದು ತೆಗೆದುಕೊಂಡರು. ಆ ದಿನಕ್ಕೆ ಎರಡೇ ಜಾಗ.

ಮೊದಲು ಲಿನ್‌ಲಿತ್‌ಗೋ ಅರಮನೆ. 1746ರಲ್ಲಿ ಸೈನಿಕರು ತಂಗಿದ್ದಾಗ ಬೆಂಕಿ ಬಿತ್ತು. ಅವತ್ತಿನಿಂದ ಇವತ್ತಿನವರೆಗೆ ಮೇಲೆ ಸೂರಿಲ್ಲ. ದೊಡ್ಡ ಸಭಾಂಗಣದ ಒಂದು ತುದಿಯಲ್ಲಿ ಮೂರು ಬಾಯಿಯ ಒಲೆಗೂಡು ಇದೆ, ಆಳೆತ್ತರಕ್ಕಿಂತ ಎತ್ತರ. ನಮ್ಮ ಗೈಡಮ್ಮ ಜಿಟಿಜಿಟಿ ಮಳೆಯಲ್ಲಿ ಅದರ ಮುಂದೆ ಅರ್ಧ ಗಂಟೆ ನಿಲ್ಲಿಸಿದರು. ಮೊದಲ ಹತ್ತು ನಿಮಿಷ ನನಗೆ ಚಡಪಡಿಕೆ. ಆಮೇಲೆ ಅವರು ಹೇಳುತ್ತಿದ್ದ ರೀತಿ ಹಿಡಿದು ನಿಲ್ಲಿಸಿತು.

ಅವರು ಹೇಳಿದ್ದೆಲ್ಲ ಸೋಲಿನ ಕತೆ. ಸ್ಕಾಟ್ಲೆಂಡಿನ ರಾಜ 4ನೇ ಜೇಮ್ಸ್ 1513ರಲ್ಲಿ ಇಂಗ್ಲಿಷರ ಮೇಲೆ ಫ್ಲಾಡನ್ ಯುದ್ಧಕ್ಕೆ ಹೋಗಿ ಅಲ್ಲೇ ಸತ್ತ. ಆಗ ನಮ್ಮಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದು ನಾಲ್ಕು ವರ್ಷ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಈ ಚಟ ಇಲ್ಲಿರೋ ಎಲ್ಲ ಕನ್ನಡಿಗರಿಗೂ ಇದೆ. ಮಗ 5ನೇ ಜೇಮ್ಸ್ 1542ರಲ್ಲಿ ಸಾಲ್ವೇ ಮಾಸ್‌ನಲ್ಲಿ ತನ್ನ ಸೈನ್ಯ ಸೋತ ಸುದ್ದಿ ಕೇಳಿ ಹಾಸಿಗೆ ಹಿಡಿದ. ಡಿಸೆಂಬರ್ 8ಕ್ಕೆ ಇದೇ ಲಿನ್‌ಲಿತ್‌ಗೋದಲ್ಲಿ ಮಗಳು ಹುಟ್ಟಿದಳು. ಆರು ದಿನಕ್ಕೆ ಅಪ್ಪ ಫಾಕ್‌ಲ್ಯಾಂಡ್ ಅರಮನೆಯಲ್ಲಿ ತೀರಿಕೊಂಡ. ಆ ಕೂಸೇ ರಾಣಿ ಮೇರಿ.

ಸಾಯೋವಾಗ ಅವನು "ಹೆಣ್ಣಿನಿಂದ ಬಂತು, ಹೆಣ್ಣಿನಿಂದಲೇ ಹೋಗುತ್ತೆ" ಅಂದನಂತೆ. ಅವನ ಸ್ಟೂಅರ್ಟ್ ಮನೆತನಕ್ಕೆ ಕಿರೀಟ ಬಂದಿದ್ದು ಹಿಂದಿನ ರಾಜ ರಾಬರ್ಟ್ ಬ್ರೂಸ್‌ನ ಮಗಳು ಮಾರ್ಜರಿಯ ಕಡೆಯಿಂದ, ಅದಕ್ಕೆ ಆ ಮಾತು. ಎಂಥಾ ಡೈಲಾಗು! ನಮ್ಮ ಕಡೆ ಗೈಡಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಗೊಳ್ಳುತ್ತಿದ್ದ. ಇವರು ಹಾಗೆ ಮಾಡಲಿಲ್ಲ. "ಇದನ್ನು ಬರೆದಿಟ್ಟವರು ಎಷ್ಟೋ ವರ್ಷ ಆದಮೇಲೆ ಬರೆದಿದ್ದು. ಇಷ್ಟು ಚೆನ್ನಾಗಿರೋ ಮಾತಿನ ಮೇಲೆ ನನಗೆ ಸ್ವಲ್ಪ ಅನುಮಾನ" ಅಂದರು. ಭವಿಷ್ಯ ಸುಳ್ಳಾಯ್ತು ಅಂತಲೂ ಸೇರಿಸಿದರು. ಮೇರಿಯ ಮಗ 1603ರಲ್ಲಿ ಇಂಗ್ಲೆಂಡಿಗೂ ರಾಜನಾದ. ಮನೆತನದ ಆಳ್ವಿಕೆ ಮುಗಿದಿದ್ದು 1714ರಲ್ಲಿ. ಆದರೆ ಅವತ್ತು ಸತ್ತಿದ್ದೂ ಒಬ್ಬ ರಾಣಿನೇ, ಆನ್. ನಂಬೋದು ಬಿಡೋದು ನಿಮಗೆ ಸೇರಿದ್ದು ಅಂತ ನಕ್ಕರು.

ನನಗೆ ಹಂಪಿ ನೆನಪಾಯಿತು. ವಿಜಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳ ಒಳಗೆ ಏನಿದೆ ಅಂತ ನೋಡೋಕೆ ಬ್ರಿಟಿಷರು ಎರಡು ಕಂಬ ಕೊಯ್ದರು ಅನ್ನೋ ಕತೆ ಅಲ್ಲಿಗೆ ಹೋದವರೆಲ್ಲ ಕೇಳಿರುತ್ತೀರಿ. ಯಾರಾದರೂ "ಹಾಗಂತ ಹೇಳ್ತಾರೆ, ನನಗೆ ಗ್ಯಾರಂಟಿ ಇಲ್ಲ" ಅಂದಿದ್ದು ನಾನು ಕೇಳಿಲ್ಲ. ಮುತ್ತು ರತ್ನ ಬೀದಿಯಲ್ಲಿ ಅಳೆದು ಮಾರಿದ್ದಕ್ಕೆ ಅರ್ಧ ಗಂಟೆ, 1565ಕ್ಕೆ ಎರಡು ವಾಕ್ಯ. ಅಷ್ಟು ದೊಡ್ಡ ಊರು ಅಷ್ಟು ಬೇಗ ಹೇಗೆ ಬಿತ್ತು ಅಂತ ಕೇಳಿದರೆ "ಮೋಸ ಆಯ್ತು ಸಾರ್" ಅಂತ ಹೇಳಿ ಮುಂದಿನ ಮಂಟಪಕ್ಕೆ ಹೊರಟುಬಿಡುತ್ತಾರೆ. ಇಲ್ಲಿಯವರು ಸೋಲನ್ನು ಕಲ್ಲು ಕಲ್ಲಾಗಿ ಬಿಡಿಸಿ ತೋರಿಸುತ್ತಾರೆ. ಇದು ನಮ್ಮಲ್ಲೂ ಬರಬೇಕು ಅಂತ ಆವತ್ತು ಬಸ್ಸಲ್ಲಿ ಗಟ್ಟಿಯಾಗಿ ಅನಿಸಿತ್ತು.

ಅಷ್ಟೇ ಗಟ್ಟಿಯಾಗಿ ಈಗ ಹೇಳಲಾರೆ. ಅದೇ ಗುಂಪಿನ ಜೊತೆ ಎಡಿನ್‌ಬರೋ ಕೋಟೆಗೆ ಹೋಗಿದ್ದೆ. ಕಿರೀಟ, ರಾಜದಂಡ, ಕತ್ತಿ ಎಲ್ಲ ನೋಡಿ ಹೊರಗೆ ಬಂದಾಗ ಸ್ಕಾಟಿಷ್ ಸೈನಿಕರ ಮಾತು ಬಂತು. ಮಾತು ಡೇವಿಡ್ ಬೇರ್ಡ್ ಹತ್ತಿರ ಬಂದು ನಿಂತಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಅದಕ್ಕೂ ಮುಂಚೆ ಅದೇ ಊರಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಕೈದಿಗಳನ್ನು ಇಬ್ಬಿಬ್ಬರಾಗಿ ಸರಪಳಿ ಹಾಕಿದ್ದಾರೆ ಅಂತ ಕೇಳಿ ಅವನ ತಾಯಿ "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನ ಗತಿ ಪಾಪ" ಅಂದಳಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿದೆ. ಟಿಪ್ಪುವಿನ ಸಾವು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಯಿತು. ಆ ಊರು ಏನಾಯಿತು ಅನ್ನೋದು ಬರಲೇ ಇಲ್ಲ. ಬೇರ್ಡ್‌ನ ತಾಯಿಯ ಮಾತಿಗೆ "ಅನುಮಾನ" ಅಂತ ಯಾರೂ ಅನ್ನಲಿಲ್ಲ.

ನಾನು ಮಂಡ್ಯದವನು. ಟಿಪ್ಪುವಿನ ಹೆಣ ಸಿಕ್ಕ ಜಾಗದ ಕಲ್ಲನ್ನು ಸ್ಕೂಲ್ ಟ್ರಿಪ್ಪಲ್ಲಿ ಮುಟ್ಟಿ ಬಂದವನು. ಅಲ್ಲಿ ನಮ್ಮ ಮೇಷ್ಟ್ರು ದನಿ ತಗ್ಗಿಸಿ ಹೇಳಿದ್ದರು, ಯಾವ ಬಾಗಿಲಿಂದ ಬಂದರು, ಎಲ್ಲಿ ಬಿದ್ದ, ಯಾವ ಹೊತ್ತು ಅಂತ. ನಲವತ್ತು ಹುಡುಗರು ಗಲಾಟೆ ಮಾಡದೆ ನಿಂತಿದ್ದೆವು. ಅಂದರೆ ನಮಗೂ ಸೋಲು ಹೇಳೋಕೆ ಬರುತ್ತೆ. ಇಲ್ಲಿಯವರಿಗೂ ತಮ್ಮ ಸೋಲು ಮಾತ್ರ ಚೆನ್ನಾಗಿ ಹೇಳೋಕೆ ಬರುತ್ತೆ, ತಾವು ಗೆದ್ದಿದ್ದು ಬಂದಾಗ ನಮ್ಮ ಹಂಪಿ ಗೈಡಿನ ಹಾಗೇ ಮುಂದಿನ ಮಂಟಪಕ್ಕೆ ಹೊರಡುತ್ತಾರೆ. ಇದನ್ನು ಅವತ್ತೇ ಕೇಳಬೇಕಿತ್ತು. ಸುಮ್ನೆ ಬಂದೆ. ಗುಂಪಲ್ಲಿ ನಾನೊಬ್ಬನೇ, ಅದೂ ಒಂದು ಕಾರಣ.

ಒಂದು ಜಾಗದಲ್ಲಿ ಮಾತ್ರ ಊರಲ್ಲಿದ್ದ ಹಾಗೆ ಅನಿಸಿತು. ಡನ್‌ಫರ್ಮ್ಲಿನ್ ಚರ್ಚಲ್ಲಿ ಪಾದ್ರಿ ನಿಂತು ಮಾತಾಡೋ ಪೀಠದ ಕೆಳಗೇ ರಾಬರ್ಟ್ ಬ್ರೂಸ್‌ನ ಸಮಾಧಿ. 1314ರಲ್ಲಿ ಬ್ಯಾನಕ್‌ಬರ್ನ್ ಗೆದ್ದ ರಾಜ. ಹೊಸ ಚರ್ಚ್ ಕಟ್ಟೋಕೆ ಅಗೆದಾಗ 1818ರಲ್ಲಿ ಸಿಕ್ಕಿದ್ದು. ಹೃದಯ ಇಲ್ಲಿಲ್ಲ, ಅದು ಮೆಲ್‌ರೋಸ್‌ನಲ್ಲಿದೆ. ನಾವು ಹೋದಾಗ ಒಬ್ಬರು ಅಜ್ಜಿ ಹೂವಿನ ಕುಂಡ ಸರಿಮಾಡುತ್ತಿದ್ದರು, ರಾಜನ ಕಡೆ ನೋಡದೆ. ಮೈಸೂರಿನವರು ಅರಮನೆ ಪಕ್ಕ ತರಕಾರಿ ಚೀಲ ಹಿಡಿದು ನಡೆಯೋ ಹಾಗೆ.

ಈ ವರ್ಷ ಮತ್ತೆ ನಮ್ಮ ಕನ್ನಡ ಗುಂಪು ಹೊರಟಿತು. ನನ್ನದು ಒಂದೇ ಹಟ: ಒಂದೇ ಜಾಗ, ಲಾಕ್ ಲೆವೆನ್, ಊಟ ದೋಣಿ ಹತ್ತಿ ಬಂದಮೇಲೆ. ಬೈಸಿಕೊಂಡೆ. ಆದರೆ ದ್ವೀಪ ಮುಟ್ಟಿದೆವು. ಸಣ್ಣ ದೋಣಿ, ಸಣ್ಣ ಗೋಪುರ. ಅಲ್ಲಿನ ಹುಡುಗ ಕತೆ ಚೆನ್ನಾಗಿ ಹೇಳಿದ. 1567ರಲ್ಲಿ ಇಲ್ಲೇ ಮೇರಿಯಿಂದ ಪಟ್ಟ ಬಿಡೋ ಕಾಗದಕ್ಕೆ ರುಜು ಹಾಕಿಸಿದ್ದು, ಮುಂದಿನ ವರ್ಷ ಮೇ 2ಕ್ಕೆ ಆ ಕೋಟೆಯ ಮನೆಯವನೇ ಒಬ್ಬ ಹುಡುಗ ಬೀಗದ ಕೈ ಕದ್ದು ಅವಳನ್ನು ದೋಣಿ ಹತ್ತಿಸಿದ್ದು, ಎರಡು ವಾರದೊಳಗೆ ಅವಳು ಯುದ್ಧ ಸೋತು ಇಂಗ್ಲೆಂಡಿಗೆ ಓಡಿದ್ದು, 1587ರಲ್ಲಿ ತಲೆ ಹೋಗಿದ್ದು.

ನಮ್ಮ ಜೊತೆ ಊರಿಂದ ಬಂದಿದ್ದ ಗೆಳೆಯನ ತಾಯಿ ಇದ್ದರು. ಇಂಗ್ಲಿಷ್ ಬರೋದಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, "ಅವಳ ಕೂಸು?" ಅಂದರು. "ಆಮೇಲೆ ಮಗನ್ನ ನೋಡಿದಳಾ?"

ಹಿಂದಿನ ಗುಂಪಲ್ಲಿ ಅಷ್ಟು ಓದಿಕೊಂಡವರಿದ್ದರು, ಯಾರೂ ಇದನ್ನು ಕೇಳಿರಲಿಲ್ಲ. ನಾನೂ. ಹುಡುಗನನ್ನು ಕೇಳಿದೆ. ಇಲ್ಲ ಅಂದ. ಮಗು ಹತ್ತು ತಿಂಗಳಿದ್ದಾಗ ಸ್ಟರ್ಲಿಂಗ್‌ನಲ್ಲಿ ನೋಡಿದ್ದೇ ಕೊನೆ.

ಅವರಿಗೆ ಹೇಳಿದೆ. ದೋಣಿ ಬರೋವರೆಗೂ ಅವರು ಗೋಪುರದ ಮೆಟ್ಟಿಲ ಹತ್ತಿರಾನೇ ಕೂತಿದ್ದರು. ಊಟದ ಡಬ್ಬ ಯಾರೂ ಕೇಳಲಿಲ್ಲ.