ವರ್ಶನ್ ಒಂದೇ, ಮಾಡ್ಯೂಲ್ ಎರಡು

ನಾಲ್ಕಾರು ನೋಡ್ ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಸರ್ವಿಸ್‌ಗಳಿಗೆ ಬೇಕಾದ ಡೇಟಾಬೇಸ್ ಮಾಡೆಲ್‌ಗಳನ್ನು ಒಂದೇ ಪ್ಯಾಕೇಜಿಗೆ ಹಾಕುವುದು ಒಳ್ಳೆಯದೇ. ಆದರೆ ಆ ಪ್ಯಾಕೇಜಿನ ಡಿಪೆಂಡೆನ್ಸೀಸ್ ಪಟ್ಟಿಗೆ, ಅಂದರೆ ಜೊತೆಗೇ ಇನ್‌ಸ್ಟಾಲ್ ಆಗಬೇಕಾದವುಗಳ ಪಟ್ಟಿಗೆ, ಮಾಂಗೋಡಿಬಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಮಂಗೂಸನ್ನೂ ಸೇರಿಸುತ್ತಾರಲ್ಲ, ಅದು ನನ್ನ ಪ್ರಕಾರ ಶುದ್ಧ ತಪ್ಪು.

ಡೇಟಾಬೇಸ್ ಕನೆಕ್ಟ್ ಆಯಿತು ಅಂತ ಲಾಗ್ ಹೇಳುತ್ತದೆ. ಕ್ವೆರಿ ಮಾತ್ರ ಹತ್ತು ಸೆಕೆಂಡ್ ಕಾದು "ಬಫರಿಂಗ್ ಟೈಮ್ಡ್ ಔಟ್ ಆಫ್ಟರ್ 10000 ಎಂಎಸ್" ಅಂತ ಬೀಳುತ್ತದೆ. ತಂಡವೆಲ್ಲ ಫೈರ್‌ವಾಲ್ ಜಾಲಾಡುತ್ತದೆ, ಪಾಪ! ನೆಟ್‌ವರ್ಕ್ ಸರಿಯಾಗಿಯೇ ಇದೆ. ಕನೆಕ್ಟ್ ಆಗಿದ್ದು ಮಂಗೂಸಿನ ಒಂದು ಪ್ರತಿ, ಮಾಡೆಲ್‌ಗಳು ಕೂತಿರುವುದು ಇನ್ನೊಂದರಲ್ಲಿ.

ರಿಕ್ವೈರ್ ಮಾಡಿದ, ಅಂದರೆ ಕೋಡ್ ಕರೆದು ಲೋಡ್ ಮಾಡಿಸಿಕೊಂಡ ಮಾಡ್ಯೂಲನ್ನು ನೋಡ್ ಕ್ಯಾಶ್‌ನಲ್ಲಿ ಇಡುವುದು ಫೈಲಿನ ಪೂರ್ತಿ ಪಾತ್ ಮೇಲೆ. ಹೆಸರು, ವರ್ಶನ್ ಅದಕ್ಕೆ ಲೆಕ್ಕಕ್ಕಿಲ್ಲ. ಹುಡುಕಾಟ ಕರೆದ ಫೈಲಿನ ಪಕ್ಕದ ನೋಡ್ ಮಾಡ್ಯೂಲ್ಸ್ ಫೋಲ್ಡರಿನಿಂದ ಶುರುವಾಗಿ ಒಂದೊಂದೇ ಹಂತ ಮೇಲೆ ಹೋಗುತ್ತದೆ. ಮೊದಲು ಸಿಕ್ಕಿದ್ದೇ ಅಂತಿಮ. ಸರ್ವಿಸ್ ಮಂಗೂಸ್ 7 ಕೇಳಿ, ನಿಮ್ಮ ಎರಡು ಪ್ಯಾಕೇಜ್‌ಗಳು 8 ಕೇಳಿದವು ಅನ್ನಿ. ಸರ್ವಿಸ್‌ನ ನೋಡ್ ಮಾಡ್ಯೂಲ್ಸ್ ಫೋಲ್ಡರಿನ ಮೇಲಿನ ಜಾಗ 7ಕ್ಕೆ ಹೋಯಿತು. 8 ಆ ಎರಡೂ ಪ್ಯಾಕೇಜ್‌ಗಳ ಒಳಗೆ ಬೇರೆಬೇರೆಯಾಗಿ ಇಳಿಯುತ್ತದೆ. ಅಕ್ಷರಕ್ಷರವೂ ಒಂದೇ ಕೋಡ್, ಆದರೂ ಮೆಮೊರಿಯಲ್ಲಿ ಎರಡು. ಒಂದರ ಆಬ್ಜೆಕ್ಟ್ ಇನ್ನೊಂದರ ಕ್ಲಾಸಿಗೆ ಸೇರಿದ್ದೇ ಎಂದು ಇನ್‌ಸ್ಟನ್ಸ್‌ಆಫ್‌ನಿಂದ ಕೇಳಿದರೆ ಫಾಲ್ಸ್ ಅನ್ನುತ್ತದೆ. ಇಲ್ಲಿ ನೋಡ್‌ನ ಪ್ಯಾಕೇಜ್ ಇನ್‌ಸ್ಟಾಲರ್ ಎನ್‌ಪಿಎಂನ ಡಿಡ್ಯೂಪ್ (ನಕಲು ಪ್ರತಿಗಳನ್ನು ಒಂದಾಗಿಸುವ ಕಮಾಂಡ್) ಓಡಿಸಿಯೂ ಉಪಯೋಗವಿಲ್ಲ, ಮೇಲೆ ಜಾಗವೇ ಖಾಲಿಯಿಲ್ಲ.

ಪತ್ತೆ ಸುಲಭ: ಸರ್ವಿಸ್ ಫೋಲ್ಡರಿನಲ್ಲಿ "ಎನ್‌ಪಿಎಂ ಎಲ್‌ಎಸ್ ಮಂಗೂಸ್" ಕೊಡಿ. "ಡಿಡ್ಯೂಪ್ಡ್" ಎಂಬ ಗುರುತಿಲ್ಲದ ಮಂಗೂಸ್ ಸಾಲು ಒಂದಕ್ಕಿಂತ ಹೆಚ್ಚಿದ್ದರೆ ಅಷ್ಟು ಪ್ರತಿಗಳಿವೆ.

ಪರಿಹಾರ ಪಿಯರ್ ಡಿಪೆಂಡೆನ್ಸೀಸ್, ಅಂದರೆ "ನನ್ನದೇ ಪ್ರತಿ ಬೇಡ, ನನ್ನನ್ನು ಬಳಸುವವರ ಪ್ರತಿಯೇ ಸಾಕು" ಎನ್ನುವ ಪಟ್ಟಿ. ಹಂಚಿಕೆಯ ಪ್ಯಾಕೇಜಿನಲ್ಲಿ ಮಂಗೂಸನ್ನು ಅಲ್ಲಿ ಬರೆಯಿರಿ, ನಿಜವಾಗಿ ಟೆಸ್ಟ್ ಮಾಡಿದ ವರ್ಶನ್‌ಗಳನ್ನಷ್ಟೇ ಕೊಡಿ. ಟೆಸ್ಟ್ ಓಡಲು ಡೆವ್ ಡಿಪೆಂಡೆನ್ಸೀಸ್‌ನಲ್ಲೂ ಇರಲಿ. ಎನ್‌ಪಿಎಂ 3ರಿಂದ 6ರವರೆಗೆ ಪಿಯರ್ ಇಲ್ಲದಿದ್ದರೆ ಬರೀ ಎಚ್ಚರಿಕೆ ಬರುತ್ತಿತ್ತು. 7ರಿಂದ ತಾನೇ ಇನ್‌ಸ್ಟಾಲ್ ಮಾಡುತ್ತದೆ, ಹೊಂದದಿದ್ದರೆ ಇ-ರಿಸಾಲ್ವ್ ಅಂತ ನಿಲ್ಲುತ್ತದೆ. ಆಗ ಮಂತ್ರದಂತೆ "ಲೆಗಸಿ ಪಿಯರ್ ಡೆಪ್ಸ್" (ಪಿಯರ್ ತಕರಾರನ್ನು ಕಡೆಗಣಿಸು ಎನ್ನುವ ಆಯ್ಕೆ) ಟೈಪ್ ಮಾಡುವವರಿಗೆ ಏನು ಹೇಳೋಣ? ಅದು ತಕರಾರನ್ನು ಬಿಲ್ಡ್‌ನಿಂದ ಪ್ರೊಡಕ್ಷನ್‌ಗೆ ಸಾಗಿಸುತ್ತದೆ, ಅಷ್ಟೇ.

ಎಲ್ಲವನ್ನೂ ಪಿಯರ್ ಮಾಡಬೇಕಿಲ್ಲ. ಬರೀ ಸಹಾಯಕ ಫಂಕ್ಷನ್‌ಗಳ ಲೈಬ್ರರಿಯಾದ ಲೋಡ್ಯಾಶ್ ಎರಡಿದ್ದರೆ ಡಿಸ್ಕ್ ಜಾಗ ಹೋದೀತು, ಬಿಡಿ. ಕನೆಕ್ಷನ್, ರಿಜಿಸ್ಟ್ರಿ, ಕ್ಲಾಸ್ ಗುರುತು ಹೊತ್ತವು ಮಾತ್ರ ಒಂದೇ ಇರಬೇಕು.

ಇಷ್ಟಾದ ಮೇಲೂ ಲೋಕಲ್‌ನಲ್ಲಿ ಅದೇ ಎರರ್ ಬಂದರೆ ಎನ್‌ಪಿಎಂ ಲಿಂಕ್ ಮೇಲೆ ಅನುಮಾನಪಡಿ; ಅದು ಪ್ಯಾಕೇಜನ್ನು ನಕಲು ಮಾಡದೆ ಅದರ ಫೋಲ್ಡರಿಗೆ ಸಿಮ್‌ಲಿಂಕ್ (ಶಾರ್ಟ್‌ಕಟ್) ಹಾಕುತ್ತದೆ. ನೋಡ್ ಸಿಮ್‌ಲಿಂಕಿನ ಅಸಲಿ ಪಾತ್ ಹಿಡಿದು ಹೋಗುವುದರಿಂದ ಪ್ಯಾಕೇಜಿನ ಡೆವ್ ಮಂಗೂಸೇ ಮೊದಲು ಸಿಗುತ್ತದೆ. ಲಿಂಕ್ ಬಿಟ್ಟು ಪ್ಯಾಕೇಜ್ ಫೋಲ್ಡರಿನಲ್ಲಿ ಎನ್‌ಪಿಎಂ ಪ್ಯಾಕ್ ಮಾಡಿ, ಬಂದ ಟಿಜಿಝಡ್ (ಕುಗ್ಗಿಸಿ ಕಟ್ಟಿದ) ಫೈಲನ್ನೇ ಸರ್ವಿಸ್‌ನಲ್ಲಿ ಇನ್‌ಸ್ಟಾಲ್ ಮಾಡಿ.